ಓದುಗರ ಪ್ರಶ್ನೆಗಳು: 300 ಚಿತ್ರ, 40 ಪುಟ

ಈ ಬಾರಿ ಉತ್ತರಕ್ಕೆ ಆರಿಸಿಕೊಂಡಿರುವ ಪತ್ರಗಳೆಲ್ಲ ಗ್ರಾಹಕರಿಗಾಗಿ ಫೋಟೊ ಪುಸ್ತಕ ಮಾಡಿಕೊಡುವ ವೃತ್ತಿನಿರತ ಛಾಯಾಗ್ರಾಹಕರಿಂದ ಮತ್ತು ಅವರ ಪರವಾಗಿ ಪುಟ ವಿನ್ಯಾಸ ಮಾಡುವವರಿಂದ ಬಂದವು.

ಪ್ರಶ್ನೆ: ಮದುವೆಯೊಂದರ ಚಿತ್ರಗಳನ್ನೆಲ್ಲ ಗ್ರಾಹಕರಿಗೆ ಕಳುಹಿಸಿ, ಪುಸ್ತಕಕ್ಕೆ ಬೇಕಾದವನ್ನು ಆರಿಸಿಕೊಡುವಂತೆ ಕೇಳಿದ್ದೆ. ತಿಂಗಳುಗಟ್ಟಲೆ ಕಾಯಿಸಿ, ಈಗ 300 ಚಿತ್ರಗಳ ಪಟ್ಟಿ ಕೊಟ್ಟಿದ್ದಾರೆ. ಒಪ್ಪಂದವಾಗಿರುವುದು 40 ಪುಟಗಳಿಗೆ. ಒಂದು ಚಿತ್ರವನ್ನೂ ಬಿಡಲು ಅವರಿಗೆ ಮನಸ್ಸಿಲ್ಲ. ಹೇಗೆ ನಿಭಾಯಿಸಲಿ?

ಉತ್ತರ: 40 ಪುಟವೆಂದರೆ ತೆರೆದಿಟ್ಟಾಗ ಕಾಣುವ 20 ಜೋಡಿಪುಟಗಳು. ಅವುಗಳಲ್ಲಿ 300 ಚಿತ್ರಗಳನ್ನು ಹಂಚಿದರೆ ಒಂದೊಂದು ಜೋಡಿಪುಟಕ್ಕೆ 15 ಬೀಳುತ್ತವೆ. ಅಷ್ಟು ಚಿತ್ರಗಳಿರುವ ಪುಟವನ್ನು ಯಾರೂ ನೋಡುವುದಿಲ್ಲ, ತಮ್ಮ ಮುಖ ಎಲ್ಲಿದೆಯೆಂದು ಹುಡುಕುತ್ತಾರೆ, ಅಷ್ಟೆ. ಜೋಡಿಪುಟಕ್ಕೆ ಸರಾಸರಿ ನಾಲ್ಕು ಎಂದಿಟ್ಟುಕೊಂಡರೆ 80 ಚಿತ್ರಗಳಾಗುತ್ತವೆ. ಮಕ್ಕಳ ಓಡಾಟದಂತಹ ಸರಣಿ ಚಿತ್ರಗಳಿರುವ ಕಡೆ ಆರೇಳು ಬರಬಹುದು, ಮುಖ್ಯ ಚಿತ್ರವೊಂದು ಇಡೀ ಜೋಡಿಪುಟವನ್ನು ತಾನೇ ತುಂಬಿಕೊಳ್ಳಬಹುದು. ಈ ಲೆಕ್ಕವನ್ನು ಗ್ರಾಹಕರಿಗೆ ಬಾಯಲ್ಲಿ ಹೇಳುವುದಕ್ಕಿಂತ, ಅವರದೇ ಚಿತ್ರಗಳಿಂದ 15 ಚಿತ್ರಗಳ ಒಂದು ಜೋಡಿಪುಟವನ್ನೂ ಮೂರು ಚಿತ್ರಗಳ ಇನ್ನೊಂದನ್ನೂ ಮಾಡಿ ಪಕ್ಕಪಕ್ಕದಲ್ಲಿ ತೋರಿಸಿದರೆ ವಾದವೇ ಬೇಕಾಗುವುದಿಲ್ಲ.

ಆದರೆ ನಿಮ್ಮ ತೊಂದರೆಯ ಮೂಲ ಗ್ರಾಹಕರ ಆಸೆಯಲ್ಲಿಲ್ಲ, ಕೆಲಸದ ಕ್ರಮದಲ್ಲಿದೆ. ಆಯ್ಕೆ ಎಂಬುದು ವಿನ್ಯಾಸದ ಮೊದಲ ಹಾಗೂ ಅತಿ ಕಷ್ಟದ ಭಾಗ. ಅದನ್ನು ಅಭ್ಯಾಸವಿಲ್ಲದವರ ಕೈಗೆ ಕೊಟ್ಟು, ಉಳಿದ ಸುಲಭದ ಭಾಗವನ್ನು ನೀವು ಇಟ್ಟುಕೊಂಡಿದ್ದೀರಿ. ಸಾವಿರಾರು ಚಿತ್ರಗಳ ಮುಂದೆ ಕೂತ ಗ್ರಾಹಕರು ಒಂದೇ ನಗುವಿನ ಐದು ಚಿತ್ರಗಳಲ್ಲಿ ಯಾವುದು ಮೇಲೆಂದು ತೀರ್ಮಾನಿಸಲಾಗದೆ ಐದನ್ನೂ ಗುರುತು ಹಾಕುತ್ತಾರೆ. ಹಾಗಾಗಿ ಇನ್ನು ಮುಂದೆ ಅವರಿಂದ 20 ಅಥವಾ 30 ಚಿತ್ರಗಳನ್ನು ಮಾತ್ರ ಕೇಳಿ: ಇವು ಇರಲೇಬೇಕು ಎನ್ನುವಂಥವು. ಯಾರನ್ನು ಬಿಟ್ಟರೆ ಮನೆಯಲ್ಲಿ ಬೇಸರವಾಗುತ್ತದೆ ಎಂಬುದನ್ನೂ ತಪ್ಪದೆ ಕೇಳಿ. ಅಜ್ಜಿಯ ತಮ್ಮ ಯಾರು, ಬಹುಕಾಲದ ನಂತರ ಬಂದ ಗೆಳತಿ ಯಾರು ಎಂಬುದು ಚಿತ್ರ ತೆಗೆದವರಿಗೆ ಗೊತ್ತಿರುವ ಸಂಗತಿಯಲ್ಲ. ಮಿಕ್ಕ ಆಯ್ಕೆಯನ್ನೂ ಕ್ರಮವನ್ನೂ ನೀವೇ ಮಾಡಿ, ಪೂರ್ತಿ ಕರಡನ್ನೇ ಮುಂದಿಡಿ. ಇದನ್ನು ಸೇರಿಸಿ ಎಂದರೆ, ಯಾವುದನ್ನು ತೆಗೆಯಲಿ ಎಂದು ವಿನಯದಿಂದಲೇ ಕೇಳಿ. ಈಗ ಕೈಯಲ್ಲಿರುವ 300ರ ಪಟ್ಟಿಗೂ ಇದೇ ದಾರಿ: ಒಂದೇ ಕ್ಷಣದ ಮರುಚಿತ್ರಗಳನ್ನು ಗುಂಪು ಮಾಡಿ ಪ್ರತಿ ಗುಂಪಿನಿಂದ ಒಂದನ್ನು ಉಳಿಸಿಕೊಂಡರೆ ಪಟ್ಟಿ ಬಹಳಷ್ಟು ಕರಗುತ್ತದೆ.

ಕ್ರಮ ಜೋಡಿಸುವ ಮೊದಲು ಒಂದು ಸಣ್ಣ ಎಚ್ಚರಿಕೆ. ಇಬ್ಬರು ಛಾಯಾಗ್ರಾಹಕರು ಕೆಲಸ ಮಾಡಿದ್ದರೆ ಅವರ ಕ್ಯಾಮೆರಾಗಳ ಗಡಿಯಾರಗಳು ಕೆಲವು ನಿಮಿಷ ಹಿಂದುಮುಂದಾಗಿರುವುದು ಸಾಮಾನ್ಯ. ಎರಡರಲ್ಲೂ ಸೆರೆಯಾದ ಒಂದೇ ಕ್ಷಣವನ್ನು ಹುಡುಕಿ ಲೈಟ್‌ರೂಮ್‌ನಂತಹ ತಂತ್ರಾಂಶದಲ್ಲಿ ಸಮಯದ ವ್ಯತ್ಯಾಸವನ್ನು ಸರಿಪಡಿಸಿಕೊಳ್ಳದಿದ್ದರೆ, ವಧು ಬಾಗಿಲು ದಾಟುವ ಮೊದಲೇ ಒಳಗೆ ಕೂತಿರುತ್ತಾಳೆ. ಕಾಲಕ್ರಮವನ್ನು ನಂತರ ಬೇಕೆಂದೇ ಮುರಿಯಬಹುದು, ಆದರೆ ಮುರಿಯುವವರಿಗೆ ಅದು ಮೊದಲು ಗೊತ್ತಿರಬೇಕು.

ಪ್ರಶ್ನೆ: ಪರದೆಯ ಮೇಲೆ ಚೆನ್ನಾಗಿ ಕಾಣುವ ಪುಟಗಳು ಮುದ್ರಣವಾಗಿ ಬಂದಾಗ ಕಪ್ಪಾಗಿ, ಮಂಕಾಗಿ ಇರುತ್ತವೆ. ಮುದ್ರಿಸಿಕೊಡುವ ಲ್ಯಾಬ್‌ನವರು ತಪ್ಪು ನಮ್ಮದಲ್ಲ ಎನ್ನುತ್ತಾರೆ. ಯಾರನ್ನು ನಂಬಲಿ?

ಉತ್ತರ: ಇಲ್ಲಿ ಎರಡು ಬೇರೆ ಬೇರೆ ದೋಷಗಳು ಒಂದಾಗಿ ಕಾಣುತ್ತಿರಬಹುದು. ಕಪ್ಪಾಗುವುದಕ್ಕೆ ಬಹುಪಾಲು ಕಾರಣ ಪರದೆಯ ಅತಿಯಾದ ಪ್ರಖರತೆ. ಪರದೆ ತಾನೇ ಬೆಳಕು ಸೂಸುತ್ತದೆ, ಕಾಗದವಾದರೋ ಕೋಣೆಯ ಬೆಳಕನ್ನು ಹಿಂತಿರುಗಿಸುತ್ತದೆ. ಕಾರ್ಖಾನೆಯಿಂದ ಬಂದ ಪ್ರಖರತೆಯಲ್ಲೇ ಚಿತ್ರವನ್ನು ತಿದ್ದುವವರು ತಮಗರಿವಿಲ್ಲದೆ ಅದನ್ನು ಕಪ್ಪಾಗಿಸುತ್ತ ಹೋಗುತ್ತಾರೆ. ಮುದ್ರಣಕ್ಕಾಗಿ ಕೆಲಸ ಮಾಡುವಾಗ ಪರದೆಯ ಪ್ರಖರತೆಯನ್ನು ಪ್ರತಿ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾದ ಒಳಗೆ, ಬಿಳಿಯ ಬಣ್ಣಛಾಯೆಯನ್ನು (ವೈಟ್ ಪಾಯಿಂಟ್) 6500 ಕೆಲ್ವಿನ್‌ಗೆ, ಕಪ್ಪು-ಬಿಳಿಗಳ ನಡುವಿನ ಛಾಯೆಗಳ ಹೊಳಪನ್ನು ನಿರ್ಧರಿಸುವ ಗಾಮಾವನ್ನು 2.2ಕ್ಕೆ ಹೊಂದಿಸಿಕೊಳ್ಳುವುದು ರೂಢಿ. ಇದನ್ನು ಕಣ್ಣಳತೆಯಲ್ಲಿ ಮಾಡಲಾಗದು. ಪರದೆಯ ಮೇಲಿಟ್ಟು ಅಳೆಯುವ ಕ್ಯಾಲಿಬ್ರೇಷನ್ ಸಾಧನ ಬೇಕು. ಪರದೆ ಹೊತ್ತಿಸಿ ಅರ್ಧ ಗಂಟೆಯಾದ ಮೇಲೆ ಅಳೆಯಿರಿ, ಆಗಾಗ ಮತ್ತೆ ಅಳೆಯುತ್ತಿರಿ.

ಮಂಕಾಗುವುದಕ್ಕೆ ಕಾರಣ ಬೇರೆ ಇರಬಹುದು. ನಿಮ್ಮ ಕಡತ ಹೆಚ್ಚು ಬಣ್ಣಗಳನ್ನು ಒಳಗೊಳ್ಳುವ ಅಡೋಬಿ ಆರ್‌ಜಿಬಿ ಎಂಬ ಕಲರ್ ಸ್ಪೇಸ್‌ನಲ್ಲಿದ್ದು (ಬಣ್ಣಗಳ ವ್ಯಾಪ್ತಿ), ಅದನ್ನು ತಿಳಿಸುವ ಪ್ರೊಫೈಲ್ ಕಡತದೊಳಗೆ ಸೇರದೆ ಹೋಗಿ, ಲ್ಯಾಬ್‌ನ ಯಂತ್ರ ಅದನ್ನು ಅದಕ್ಕಿಂತ ಕಿರಿದಾದ, ಸಾಮಾನ್ಯ ಬಳಕೆಯ ಎಸ್‌ಆರ್‌ಜಿಬಿ ಎಂದು ಭಾವಿಸಿದರೆ ಬಣ್ಣಗಳ ಸಾಂದ್ರತೆ ಇಳಿದು ಚಿತ್ರ ಒಗೆದ ಬಟ್ಟೆಯಂತೆ ಕಾಣುತ್ತದೆ. ಫೋಟೊ ಕಾಗದದ ಮೇಲೆ ಬೆಳಕು ಹಾಯಿಸಿ ರಾಸಾಯನಿಕದಲ್ಲಿ ಸಂಸ್ಕರಿಸುವ ಲ್ಯಾಬ್‌ಗಳು ಸಾಮಾನ್ಯವಾಗಿ ಎಸ್‌ಆರ್‌ಜಿಬಿ ಕಡತಗಳನ್ನೇ ಕೇಳುತ್ತವೆ. ಡಿಜಿಟಲ್ ಪ್ರೆಸ್‌ನಲ್ಲಿ ಶಾಯಿಯಿಂದ ಮುದ್ರಿಸುವವರಲ್ಲಿ ಕೆಲವರು ಆರ್‌ಜಿಬಿ ತೆಗೆದುಕೊಂಡು ತಾವೇ ಸಿಎಂವೈಕೆಗೆ (ಮುದ್ರಣದ ನಾಲ್ಕು ಶಾಯಿಗಳ ಲೆಕ್ಕಕ್ಕೆ) ಬದಲಾಯಿಸುತ್ತಾರೆ, ಕೆಲವರು ನೀವೇ ಬದಲಾಯಿಸಿ ಕೊಡಿ ಎನ್ನುತ್ತಾರೆ. ಊಹೆಗೆ ಅವಕಾಶವಿಲ್ಲದ ವಿಷಯವಿದು. ಬರಹದಲ್ಲಿ ಕೇಳಿ ಪಡೆಯಿರಿ. ಲ್ಯಾಬ್ ತನ್ನ ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆಂದು ವಿವರಿಸುವ ಐಸಿಸಿ ಪ್ರೊಫೈಲ್ ಕಡತ ಕೊಡುವುದಾದರೆ ಫೋಟೊಶಾಪ್‌ನಲ್ಲಿ ಸಾಫ್ಟ್ ಪ್ರೂಫ್ (ಮುದ್ರಣದ ಅಂದಾಜು ನೋಟವನ್ನು ಪರದೆಯಲ್ಲೇ ತೋರಿಸುವ ಸೌಲಭ್ಯ) ನೋಡಿ, ಗಾಢ ನೀಲಿ, ಹೊಳೆಯುವ ಕೆಂಪು ಬಟ್ಟೆಗಳು ಎಷ್ಟು ತಗ್ಗುತ್ತವೆ ಎಂಬುದನ್ನು ಮೊದಲೇ ತಿಳಿದುಕೊಳ್ಳಬಹುದು. ಮ್ಯಾಟ್ ಕಾಗದದ ಕಪ್ಪು ಹೊಳಪಿನ ಕಾಗದದ ಕಪ್ಪಿನಷ್ಟು ಆಳವಾಗಿರುವುದಿಲ್ಲವೆಂಬುದನ್ನೂ ನೆನಪಿಡಿ: ಒಂದೇ ಕಡತ ಎರಡರಲ್ಲಿ ಎರಡು ರೀತಿ ಕಾಣುತ್ತದೆ.

ಯಾರನ್ನು ನಂಬಬೇಕೆಂದು ಕೇಳಿದ್ದೀರಿ. ಪರೀಕ್ಷಾ ಮುದ್ರಣವನ್ನು ನಂಬಿ. ಬೇರೆ ಬೇರೆ ಮೈಬಣ್ಣದ ಮುಖಗಳು, ಬಿಳಿ ಬಟ್ಟೆಯ ನೆರಿಗೆ, ಕಪ್ಪು ಬಟ್ಟೆಯ ನೆರಿಗೆ, ಒಂದು ಬೂದುಬಣ್ಣದ ಪಟ್ಟಿ ಇವಿಷ್ಟಿರುವ ಒಂದು ಹಾಳೆಯನ್ನು, ಲ್ಯಾಬ್ ತಾನಾಗಿ ಬಣ್ಣ ತಿದ್ದದಂತೆ ಹೇಳಿ, ಪುಸ್ತಕಕ್ಕೆ ಬಳಸುವ ಕಾಗದದ ಮೇಲೇ ತೆಗೆಸಿ, ಹಗಲಿನ ಬೆಳಕಿನಲ್ಲಿ ಪರದೆಯ ಪಕ್ಕ ಹಿಡಿದು ನೋಡಿದರೆ ದೋಷ ಎಲ್ಲಿದೆಯೆಂಬುದು ಬೇಗ ತಿಳಿಯುತ್ತದೆ. ಇಡೀ ಪುಸ್ತಕ ಮುದ್ರಿಸಿ ಆಮೇಲೆ ಜಗಳವಾಡುವುದಕ್ಕಿಂತ ಇದು ಅಗ್ಗ.

ಪ್ರಶ್ನೆ: ದೊಡ್ಡ ಗುಂಪು ಚಿತ್ರವನ್ನು ಎರಡು ಪುಟಕ್ಕೆ ಹರಡಿದಾಗ ಮಧ್ಯದಲ್ಲಿದ್ದವರ ಮುಖ ಮಡಿಕೆಯೊಳಗೆ ಹೋಯಿತು. ಲೇ-ಫ್ಲ್ಯಾಟ್ ಬೈಂಡಿಂಗ್ ಆದರೆ ಈ ಭಯವಿಲ್ಲವೇ?

ಉತ್ತರ: ಭಯ ಕಡಿಮೆ, ಇಲ್ಲವೇ ಇಲ್ಲವೆನ್ನಲಾಗದು. ಬೆನ್ನಿಗೆ ಅಂಟು ಹಾಕಿ ಕಟ್ಟಿದ ಪುಸ್ತಕದಲ್ಲಿ ಎರಡೂ ಪುಟಗಳ ಒಳ ಅಂಚಿನ ಕೆಲವು ಮಿಲಿಮೀಟರ್ ಕಣ್ಣಿಗೆ ಕಾಣುವುದೇ ಇಲ್ಲ. ಲೇ-ಫ್ಲ್ಯಾಟ್‌ನಲ್ಲಿ ಒಂದು ಜೋಡಿಪುಟವೆಂದರೆ ಮಧ್ಯದಲ್ಲಿ ಮಡಿಸಿದ ಒಂದೇ ಹಾಳೆ. ಇಂತಹ ಹಾಳೆಗಳ ಹಿಂಬದಿಗಳನ್ನು ಒಂದಕ್ಕೊಂದು ಅಂಟಿಸಿರುವುದರಿಂದ ಪುಟಗಳು ಚಪ್ಪಟೆಯಾಗಿ ತೆರೆದುಕೊಳ್ಳುತ್ತವೆ, ಚಿತ್ರದ ಯಾವ ಭಾಗವೂ ನುಂಗಿಹೋಗುವುದಿಲ್ಲ. ಆದರೂ ಮಡಿಕೆಯ ಗೆರೆ ಇದ್ದೇ ಇರುತ್ತದೆ, ಮತ್ತು ಆ ಗೆರೆ ಒಬ್ಬರ ಮೂಗಿನ ಮೇಲೆ ಹಾದುಹೋದರೆ ಅದು ಪುಸ್ತಕ ತೆರೆದಾಗಲೆಲ್ಲ ಕಾಣುತ್ತದೆ. ಗುಂಪು ಚಿತ್ರವನ್ನು ಸ್ವಲ್ಪ ಎಡಕ್ಕೋ ಬಲಕ್ಕೋ ಸರಿಸಿ ಮಡಿಕೆ ಇಬ್ಬರ ನಡುವಿನ ಸಂದಿಯಲ್ಲಿ ಬೀಳುವಂತೆ ಮಾಡಿ. ಜನ ಒತ್ತಾಗಿ ನಿಂತಿದ್ದು ಸಂದಿಯೇ ಇಲ್ಲವಾದರೆ ಎರಡು ಪುಟಕ್ಕೆ ಹರಡುವ ಆಸೆ ಬಿಟ್ಟು ಒಂದೇ ಪುಟದಲ್ಲಿ ಕೂರಿಸುವುದು ಮೇಲು.

ಹೊರ ಅಂಚಿನದೂ ಇಂಥದೇ ಕಥೆ. ಕತ್ತರಿಸುವಾಗ ಹಾಳೆ ಒಂದಿಷ್ಟು ಅತ್ತಿತ್ತ ಸರಿಯುವುದರಿಂದಲೇ ಚಿತ್ರವನ್ನು ಪುಟದ ಅಳತೆಗಿಂತ ಸುಮಾರು 3 ಮಿಲಿಮೀಟರ್ ಹೊರಕ್ಕೆ ಚಾಚಿಸುವ ಬ್ಲೀಡ್ ಎಂಬ ಪದ್ಧತಿ ಇರುವುದು. ಪುಟದ ಸುತ್ತ ಎಳೆಯಂತಹ ತೆಳು ಬಿಳಿ ಅಂಚು ಬಿಡುವುದನ್ನು ನಾನಂತೂ ಒಪ್ಪುವುದಿಲ್ಲ. ಕತ್ತರಿ ಒಂದು ಮಿಲಿಮೀಟರ್ ತಪ್ಪಿದರೂ ಒಂದು ಬದಿ ದಪ್ಪ, ಇನ್ನೊಂದು ಬದಿ ಸಣ್ಣ ಎಂದು ಎಂಥವರಿಗೂ ಕಾಣುತ್ತದೆ. ಅಂಚು ಬಿಡುವುದಾದರೆ ಧಾರಾಳವಾಗಿ ಬಿಡಿ, ಇಲ್ಲವಾದರೆ ಬಿಡಲೇಬೇಡಿ.

ಪ್ರಶ್ನೆ: ಮುಖವೊಂದು ಪುಟದಿಂದ ಹೊರಕ್ಕೆ ನೋಡುತ್ತಿದ್ದರೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಬಹುದೇ?

ಉತ್ತರ: ಬೇಡ. ಬೈತಲೆ, ಉಂಗುರ, ಕೈಗಡಿಯಾರ, ಅಂಗಿಯ ಗುಂಡಿ, ಹಿಂದಿನ ಫಲಕದ ಅಕ್ಷರ ಎಲ್ಲವೂ ಅದಲುಬದಲಾಗುತ್ತವೆ, ಹಾಗೂ ತಮ್ಮವರ ಮುಖ ತಿರುಗಿದೆಯೆಂದು ಮನೆಯವರಿಗೆ ತಕ್ಷಣ ಅನ್ನಿಸುತ್ತದೆ. ಎಡಕ್ಕೆ ನೋಡುವ ಮುಖವನ್ನು ಬಲಪುಟದಲ್ಲೂ ಬಲಕ್ಕೆ ನೋಡುವುದನ್ನು ಎಡಪುಟದಲ್ಲೂ ಇಟ್ಟರೆ ನೋಟ ಮಡಿಕೆಯತ್ತ ಸೇರುತ್ತದೆ.

ಪ್ರಶ್ನೆ: ಗ್ರಾಹಕರು ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನೂ ಪುಸ್ತಕದಲ್ಲಿ ಸೇರಿಸಬೇಕೆನ್ನುತ್ತಾರೆ. ಎಷ್ಟು ದೊಡ್ಡದಾಗಿ ಹಾಕಬಹುದು?

ಉತ್ತರ: ಪಿಕ್ಸೆಲ್‌ಗಳನ್ನು 300ರಿಂದ ಭಾಗಿಸಿದರೆ ನಿಶ್ಚಿಂತೆಯಿಂದ ಮುದ್ರಿಸಬಹುದಾದ ಅಳತೆ ಇಂಚಿನಲ್ಲಿ ಸಿಗುತ್ತದೆ. 12 ಇಂಚಿನ ಚೌಕ ಪುಸ್ತಕದ ಜೋಡಿಪುಟ 24 ಇಂಚು ಅಗಲ, ಅಂದರೆ 7200 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲವೇ 6000 ಪಿಕ್ಸೆಲ್. ಹಾಗೆ ಹರಡಿದರೆ ಇಂಚಿಗೆ 250 ಬರುತ್ತದೆ, ಅದರಿಂದ ತೊಂದರೆಯಿಲ್ಲ. ಕೈಯಳತೆಯ ದೂರದಿಂದ ನೋಡುವ ಪುಸ್ತಕಕ್ಕೆ 200ರವರೆಗೂ ಇಳಿಯಬಹುದು. ಸಂದೇಶದ ಆಪ್‌ಗಳ ಮೂಲಕ ಹಾದು ಕುಗ್ಗಿ ಬಂದ 1600 ಪಿಕ್ಸೆಲ್ ಅಗಲದ ಚಿತ್ರವಾದರೆ ಐದು ಇಂಚಿನಲ್ಲಿ ಚೆನ್ನಾಗಿರುತ್ತದೆ, ಎಂಟು ಇಂಚಿನಲ್ಲಿ ಹೇಗೋ ನಡೆಯುತ್ತದೆ, ಪೂರ್ತಿ ಪುಟಕ್ಕೆ ಆಗದು. ಚಿತ್ರವಾಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮೂಲ ಕಡತವೇ ಬರುತ್ತದೆಂಬುದನ್ನು ಗ್ರಾಹಕರಿಗೆ ತಿಳಿಸಿ. ತಂತ್ರಾಂಶದಲ್ಲಿ ಹಿಗ್ಗಿಸಿದ ಮುಖಗಳ ಬಗ್ಗೆ ನನಗೆ ಅನುಮಾನವಿದೆ: ಚರ್ಮ ನುಣುಪಾಗುತ್ತದೆ, ಆದರೆ ಆ ವ್ಯಕ್ತಿ ಕೆಲವೊಮ್ಮೆ ಬೇರೆಯವರಾಗಿಬಿಡುತ್ತಾರೆ.

ಪ್ರಶ್ನೆ: ತಿದ್ದುಪಡಿಗಳು ಮುಗಿಯುವುದೇ ಇಲ್ಲ. ಒಬ್ಬರು ಒಪ್ಪಿದ್ದನ್ನು ಇನ್ನೊಬ್ಬರು ಬದಲಿಸಲು ಹೇಳುತ್ತಾರೆ. ಇದಕ್ಕೆ ಮಿತಿ ಹಾಕಿದರೆ ಗ್ರಾಹಕರು ಮುನಿಸಿಕೊಳ್ಳುವುದಿಲ್ಲವೇ?

ಉತ್ತರ: ಕೆಲಸ ಶುರುವಾಗುವ ಮೊದಲೇ ಹೇಳಿದ ಮಿತಿಗೆ ಯಾರೂ ಮುನಿಯುವುದಿಲ್ಲ, ನಡುವೆ ಹಾಕಿದ ಮಿತಿಗೆ ಎಲ್ಲರೂ ಮುನಿಯುತ್ತಾರೆ. ಎರಡು ಸುತ್ತಿನ ತಿದ್ದುಪಡಿ ಶುಲ್ಕದಲ್ಲೇ ಸೇರಿದೆ, ಮೂರನೆಯದಕ್ಕೆ ಪ್ರತ್ಯೇಕ ಶುಲ್ಕವಿದೆ ಎಂದು ಒಪ್ಪಂದದಲ್ಲಿ ಬರೆಯಿರಿ. ಒಪ್ಪಿಗೆ ಕೊಡುವವರು ಒಬ್ಬರೇ ಎಂಬುದನ್ನೂ ಬರೆಸಿಕೊಳ್ಳಿ. ಮನೆಯವರೆಲ್ಲರ ಅಭಿಪ್ರಾಯಗಳನ್ನು ಒಟ್ಟುಮಾಡಿ ಒಂದೇ ಪಟ್ಟಿಯಾಗಿ ಕೊಡುವ ಹೊಣೆ ಅವರದು. ಕರಡಿನ ಪ್ರತಿ ಜೋಡಿಪುಟಕ್ಕೂ ದೊಡ್ಡದಾಗಿ ಸಂಖ್ಯೆ ಹಾಕಿದರೆ, ಆ ನೀಲಿ ಸೀರೆಯ ಚಿತ್ರದ ಪಕ್ಕದ್ದು ಎಂಬಂತಹ ಮಾತುಗಳು ಹೋಗಿ, 7ರಲ್ಲಿ ಎಡಗಡೆಯದು ಎಂಬ ಸ್ಪಷ್ಟ ಮಾತುಗಳು ಬರುತ್ತವೆ.

ಕೊನೆಯ ಕರಡಿನಲ್ಲಿ ಹೆಸರು, ದಿನಾಂಕಗಳನ್ನು ಗ್ರಾಹಕರೇ ಓದಿ ಬರಹದಲ್ಲಿ ಒಪ್ಪಿಗೆ ಕೊಡಬೇಕು. ತಪ್ಪು ಅಕ್ಷರವಿರುವ ರಕ್ಷಾಪುಟಕ್ಕೆ ಮರುಮುದ್ರಣವಲ್ಲದೆ ಬೇರೆ ಪರಿಹಾರವಿಲ್ಲ. ಒತ್ತಕ್ಷರಗಳಿರುವ ಲಿಪಿಯಲ್ಲಿ ಹೆಸರು ಮುದ್ರಿಸುವುದಾದರೆ ಯೂನಿಕೋಡ್ ಅಕ್ಷರಶೈಲಿಯನ್ನೇ ಬಳಸಿ, ಕಡತವನ್ನು ಜೆಪೆಗ್ ಮಾಡಿದ ಮೇಲೆ ಒತ್ತುಗಳು ತಮ್ಮ ಜಾಗದಲ್ಲೇ ಇವೆಯೇ ಎಂದು ಮತ್ತೊಮ್ಮೆ ಓದಿ. ಬೆನ್ನಿನ ಮೇಲೆ ಶೀರ್ಷಿಕೆ ಹಾಕುವವರು ಪುಟಗಳ ಸಂಖ್ಯೆ ಅಂತಿಮವಾಗುವವರೆಗೂ ಕಾಯಬೇಕು, ಏಕೆಂದರೆ ಬೆನ್ನಿನ ಅಗಲ ಪುಟಸಂಖ್ಯೆಯನ್ನೂ ಕಾಗದದ ದಪ್ಪವನ್ನೂ ಅನುಸರಿಸುತ್ತದೆ.

ಪ್ರಶ್ನೆ: ನಾನು ಛಾಯಾಗ್ರಾಹಕರಿಗೆ ವಿನ್ಯಾಸ ಮಾತ್ರ ಮಾಡಿಕೊಡುತ್ತೇನೆ. ಅವರಿಗಾಗಿ ಮಾಡಿದ ಪುಸ್ತಕಗಳನ್ನು ನನ್ನ ಕೆಲಸದ ಮಾದರಿಯಾಗಿ ತೋರಿಸಬಹುದೇ?

ಉತ್ತರ: ಕೇಳದೆ ತೋರಿಸಬೇಡಿ. ಪುಟ ಜೋಡಿಸಿದವರು ನೀವಾದರೂ ಚಿತ್ರ ನಿಮ್ಮದಲ್ಲ, ಚಿತ್ರದಲ್ಲಿರುವ ಮುಖಗಳಿಗೂ ತಮ್ಮದೇ ಖಾಸಗಿ ಬದುಕಿದೆ. ಎಷ್ಟೋ ಛಾಯಾಗ್ರಾಹಕರು ವಿನ್ಯಾಸವನ್ನು ಹೊರಗೆ ಮಾಡಿಸುತ್ತಾರೆಂಬ ಸಂಗತಿಯನ್ನೇ ತಮ್ಮ ಗ್ರಾಹಕರಿಗೆ ಹೇಳಿರುವುದಿಲ್ಲ. ಹೊಸ ಕೆಲಸ ಒಪ್ಪಿಕೊಳ್ಳುವಾಗಲೇ, ಮೂರು ಜೋಡಿಪುಟಗಳನ್ನು ಇಂತಿಷ್ಟು ತಿಂಗಳ ನಂತರ ಛಾಯಾಗ್ರಾಹಕರ ಹೆಸರಿನೊಡನೆ ಮಾದರಿಯಾಗಿ ಬಳಸಿಕೊಳ್ಳುತ್ತೇನೆ ಎಂಬ ಒಂದು ಸಾಲನ್ನು ಒಪ್ಪಂದದಲ್ಲಿ ಸೇರಿಸಿ, ಚಿತ್ರದಲ್ಲಿರುವವರ ಒಪ್ಪಿಗೆಯನ್ನು ಛಾಯಾಗ್ರಾಹಕರ ಮೂಲಕವೇ ಪಡೆಯಿರಿ. ಅವರು ಒಪ್ಪದಿದ್ದರೆ ಚಿತ್ರಗಳ ಜಾಗದಲ್ಲಿ ಬೂದು ಚೌಕಗಳನ್ನಿಟ್ಟು ವಿನ್ಯಾಸವನ್ನಷ್ಟೇ ತೋರಿಸಬಹುದು; ಪುಟದ ಮೇಲೆ ತೂಕವನ್ನೂ ಖಾಲಿ ಜಾಗವನ್ನೂ ಹೇಗೆ ಹಂಚಿದ್ದೀರೆಂಬುದನ್ನು ಅರಿತ ಛಾಯಾಗ್ರಾಹಕರು ಅದರಿಂದಲೇ ಗುರುತಿಸುತ್ತಾರೆ.