ಸೊಸೆ ಎಲ್ಲ ನೋಡಿಕೊಳ್ಳುತ್ತಾಳೆ ಎಂದಿರಿ, ಮೇಷ್ಟ್ರೇ

ಹರಿಹರದ ನಿವೃತ್ತ ಮೇಷ್ಟ್ರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿರುವುದರಿಂದ ಹಾಕಿಲ್ಲ. ಅವರ ಹೆಂಡತಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ದಾವಣಗೆರೆಗೆ ಬಂದು ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತಶುದ್ಧಿ, ಮಾಡಿಸಿಕೊಳ್ಳುತ್ತಾರೆ. ಬಹುಕಾಲದ ರೋಗಿಗಳಿರುವ ಮನೆಗಳಿಗೆ ಆಯಾ ಧರ್ಮಕೇಂದ್ರದವರು, ಅಂದರೆ ಆಯಾ ಚರ್ಚಿಗೆ ಸೇರಿದ ಕುಟುಂಬದವರು, ಪಾಳಿ ಹಾಕಿಕೊಂಡು ಹೋಗಿಬರಬೇಕು ಎಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದು ಅವರಿಗೆ ಹಿಡಿಸಿಲ್ಲ. "ಕಾಯಿಲೆ ಮನೆಯೊಳಗಿನ ವಿಷಯ. ಬಂದವರು ಮೊದಲು ಅಯ್ಯೋ ಅನ್ನುತ್ತಾರೆ, ಆಮೇಲೆ ಯಾವುದೋ ನಾಟಿ ಔಷಧಿ ಹೇಳುತ್ತಾರೆ, ಎದ್ದು ಹೋಗುವಾಗ ವಿಶ್ವಾಸ ಗಟ್ಟಿ ಇರಲಿ ಅಂತ ಬುದ್ಧಿ ಹೇಳುತ್ತಾರೆ. ಚರ್ಚಿನವರು ಇದ್ದಲ್ಲಿಂದಲೇ ಪ್ರಾರ್ಥಿಸಿದರೆ ಸಾಕು. ನಮ್ಮ ಮನೆಯಲ್ಲಿ ಯಾವ ಕೊರತೆಯೂ ಇಲ್ಲ, ಸೊಸೆ ಎಲ್ಲ ನೋಡಿಕೊಳ್ಳುತ್ತಾಳೆ." ಪತ್ರದ ತಿರುಳು ಇಷ್ಟು.

ಮೇಷ್ಟ್ರೇ, ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಡಯಾಲಿಸಿಸ್ ಮೇಲಿರುವವರನ್ನು ನೋಡಲು ಎಳನೀರು, ಬಾಳೆಹಣ್ಣು ಹಿಡಿದು ಬರುವವರನ್ನು ನಾವೂ ಕಂಡಿದ್ದೇವೆ. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಕೆಟ್ಟ ಕಿಡ್ನಿ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಏರಿದರೆ ಹೃದಯದ ಬಡಿತಕ್ಕೇ ಸಂಚಕಾರ. ಇನ್ನು ಕೆಲವರು ಸಮಾಧಾನ ಹೇಳುತ್ತ ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ ಕೈಯನ್ನೇ ಅದುಮಿ ಹಿಡಿಯುತ್ತಾರೆ. ಆ ಕೈಗೆ ಬಿಪಿ ಪಟ್ಟಿಯನ್ನೂ ಕಟ್ಟುವಂತಿಲ್ಲ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಅಂಥವರಿಗೆ ಬಾಗಿಲು ಹಾಕಿಕೊಂಡರೆ ತಪ್ಪಿಲ್ಲ. ಇಷ್ಟು ಒಪ್ಪಿದೆವು.

ಆದರೆ ಮೂರು ಪುಟದಲ್ಲಿ ನಿಮ್ಮ ಸೊಸೆ ಬರುವುದು ಒಂದೇ ಸಾಲಿನಲ್ಲಿ. ಮಗ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾನೆ, ಶನಿವಾರ ರಾತ್ರಿ ಬರುತ್ತಾನೆ ಎಂದು ಬರೆದಿದ್ದೀರಿ. ಮೊಮ್ಮಗ ಯುಕೆಜಿ ಎಂದೂ ಬರೆದಿದ್ದೀರಿ. ಹಾಗಾದರೆ ಆ ಹೆಣ್ಣುಮಗಳ ವಾರವನ್ನು ಒಮ್ಮೆ ಕೂಡಿಸಿ ನೋಡಿ. ಯಂತ್ರಕ್ಕೆ ಹಾಕಿದರೆ ಒಂದು ಸಲಕ್ಕೆ 4 ಗಂಟೆ. ಹರಿಹರದಿಂದ ದಾವಣಗೆರೆಗೆ 14 ಕಿ.ಮೀ.; ಬಸ್ಸು, ಆಟೋ, ಹೆಸರು ಬರೆಸುವುದು, ತೂಕ ನೋಡಿಸುವುದು, ಎಲ್ಲ ಮುಗಿದ ಮೇಲೆ ಸೂಜಿ ತೆಗೆದ ಜಾಗದಲ್ಲಿ ರಕ್ತ ನಿಲ್ಲುವ ತನಕ ಕಾಯುವುದು. ಬೆಳಗ್ಗೆ ಬಿಟ್ಟ ಮನೆಯನ್ನು ಸೇರುವಾಗ ಸಂಜೆ. ಮೂರು ದಿನ ಹಾಗೆ ಹೋದವು. ಮಿಕ್ಕ ದಿನಗಳಲ್ಲಿ ಪೊಟ್ಯಾಸಿಯಂ ತಗ್ಗಲೆಂದು ತರಕಾರಿ ಸಣ್ಣಗೆ ಹೆಚ್ಚಿ, ಬೇಯಿಸಿ, ಆ ನೀರು ಚೆಲ್ಲಿ ಅತ್ತೆಗೆ ಬೇರೆ ಪಲ್ಯ. ಉಪ್ಪು ತಗ್ಗಿಸಿದ ಸಾರು ಬೇರೆ. ಡಾಕ್ಟರು ಹೇಳಿದ ಅಳತೆಯಷ್ಟೇ ಕುಡಿಯುವ ನೀರನ್ನು ಬೆಳಗ್ಗೆಯೇ ಬಾಟಲಿಗೆ ತುಂಬಿ ಎತ್ತಿಡಬೇಕು. ಬೇಸಿಗೆಯ ಮಧ್ಯಾಹ್ನ ಬಾಯಾರಿ "ಒಂದು ಗುಟುಕು ಕೊಡೇ" ಎಂದು ಅತ್ತೆ ಕೇಳಿದರೆ ಇಲ್ಲ ಅನ್ನಬೇಕಾದವಳೂ ಆಕೆಯೇ. ಇಲ್ಲ ಅಂದು ನಿಷ್ಠುರವಾಗುವ ಕೆಲಸವನ್ನು ಮನೆಯಲ್ಲಿ ಬೇರೆ ಯಾರಾದರೂ ಒಂದು ದಿನ ವಹಿಸಿಕೊಂಡಿದ್ದಾರೆಯೇ?

ನಿಮ್ಮೊಬ್ಬರ ಮನೆಯ ಮಾತಲ್ಲ ಇದು. ನಮ್ಮ ಕುಟುಂಬಗಳು ಅಕ್ಕರೆಯವು, ಸುಳ್ಳಲ್ಲ. ಆದರೆ "ಮನೆಯವರೇ ನೋಡಿಕೊಳ್ಳುತ್ತೇವೆ" ಎನ್ನುವ ಮನೆಗಳ ಒಳಹೊಕ್ಕರೆ ನೋಡಿಕೊಳ್ಳುತ್ತಿರುವವಳು ಒಬ್ಬಳೇ ಹೆಂಗಸು. ಸೊಸೆ, ಇಲ್ಲವೇ ಮದುವೆಯಾಗದೆ ಉಳಿದ ಮಗಳು. ದಾವಣಗೆರೆಯ ಆಸ್ಪತ್ರೆಯೊಂದರ ಡಯಾಲಿಸಿಸ್ ವಿಭಾಗದ ಹೊರಗೆ ನಾವು ಎಷ್ಟೋ ಸಲ ಕೂತಿದ್ದೇವೆ. ರೋಗಿಯ ಜೊತೆ ಬಂದವರಿಗೆ ಅಲ್ಲಿರುವುದು ಒಂದೇ ಬೆಂಚು. ಉಳಿದವರು ಗೋಡೆಗೆ ಒರಗಿ ನೆಲದ ಮೇಲೆ, ಕಾಲ ಬಳಿ ಫ್ಲಾಸ್ಕು, ಅರ್ಧ ತಿಂದು ಮಡಚಿಟ್ಟ ಮಂಡಕ್ಕಿ ಪೊಟ್ಟಣ. ಒಬ್ಬಾಕೆ ರಿಪೋರ್ಟುಗಳ ಪ್ಲಾಸ್ಟಿಕ್ ಕವರನ್ನು ಎದೆಗೆ ಅವಚಿಕೊಂಡು ಕೂತಲ್ಲೇ ನಿದ್ದೆ ಹೋಗಿದ್ದಳು. ಒಳಗಿನಿಂದ ಸಿಸ್ಟರ್ ರೋಗಿಯ ಹೆಸರು ಕೂಗಿದರೆ ಕಣ್ಣು ಬಿಡುವ ಮೊದಲೇ ಎದ್ದು ನಿಂತಿದ್ದಳು. ಆಕೆಯ ಆರೋಗ್ಯ ಹೇಗಿದೆ ಎಂದು ಕೇಳುವವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ.

ಈಗ ಚರ್ಚಿನ ಮಾತಿಗೆ ಬರುತ್ತೇವೆ. "ವಿಶ್ವಾಸ ಗಟ್ಟಿ ಇರಲಿ" ಎಂದವರ ಮಾತು ನಿಮ್ಮನ್ನು ಚುಚ್ಚಿದೆ. ಚುಚ್ಚಲೇಬೇಕು. ಬೈಬಲಿನಲ್ಲಿ ಬರುವ ಕಫೆರ್ನವುಮ್ ಊರಿನಲ್ಲಿ ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತು ತಂದು, ಜನಜಂಗುಳಿಯಲ್ಲಿ ದಾರಿ ಸಿಗದೆ, ಮಾಡು ಬಿಚ್ಚಿ ಇಳಿಸಿದರಲ್ಲ, ಆಗ ಯೇಸುಸ್ವಾಮಿ ಕಂಡದ್ದು ಹೊತ್ತು ತಂದವರ ವಿಶ್ವಾಸವನ್ನು. ಮಲಗಿದ್ದವನಿಗೆ ವಿಶ್ವಾಸ ಎಷ್ಟಿತ್ತು ಎಂದು ಯಾರೂ ತೂಗಲಿಲ್ಲ. ಇಳಿದರೆ ವಾಸಿಯಾಗುತ್ತದೆಂದು ಜನ ನಂಬಿದ್ದ ಜೆರುಸಲೇಮಿನ ಕೊಳದ ದಡದಲ್ಲಿ, 38 ವರ್ಷದಿಂದ ರೋಗಿಯಾಗಿದ್ದವನು ಸ್ವಾಮಿಯ ಮುಂದೆ ಮೊದಲು ತೋಡಿಕೊಂಡ ದುಃಖವೂ ರೋಗದ್ದಲ್ಲ, ನೀರಿಗೆ ಇಳಿಸುವವರು ತನಗೆ ಯಾರೂ ಇಲ್ಲ ಎಂಬುದು. ಪ್ರಾರ್ಥನೆ ಬೇಡ ಎನ್ನುತ್ತಿಲ್ಲ. ನಾವೂ ದಿನವೂ ಮಾಡುವವರೇ. ಇದ್ದಲ್ಲಿಂದ ಮಾಡುವ ಪ್ರಾರ್ಥನೆಗೆ ಮಂಚ ಎತ್ತುವ ಕೈಗಳೂ ಬೇಕು.

ರೋಗಿಗಳಿಗೆ ಪ್ರಾರ್ಥಿಸಿ ಹಚ್ಚುವ ಪವಿತ್ರ ಎಣ್ಣೆಯನ್ನು ಫಾದರ್ ತಂದ ದಿನ ನಿಮ್ಮ ಹೆಂಡತಿ ತಮ್ಮ ಕಾಲ ಮುಗಿಯಿತೆಂದು ಅತ್ತರು ಎಂದು ಬರೆದಿದ್ದೀರಿ. ಅವರಿಗೆ ದಯವಿಟ್ಟು ಹೇಳಿ: ಆ ಸಂಸ್ಕಾರ ಸಾಯುವವರಿಗೆ ಮಾತ್ರ ಅಲ್ಲ. ಜಗತ್ತಿನ ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಇದನ್ನು 1963ರಲ್ಲೇ ಸ್ಪಷ್ಟಪಡಿಸಿತು. 1972ರಲ್ಲಿ ಆರನೇ ಪೌಲ್ ಜಗದ್ಗುರುಗಳು (ಪೋಪ್) ಅದರ ವಿಧಿಯನ್ನೇ ಪರಿಷ್ಕರಿಸಿದರು. ರೋಗ ಹೊತ್ತು ಬದುಕುತ್ತಿರುವವರಿಗೆ ಬಲ ಕೊಡಲು ಹಚ್ಚುವ ಎಣ್ಣೆ ಅದು, ಕಾಯಿಲೆ ಉಲ್ಬಣಿಸಿದರೆ ಮತ್ತೆಯೂ ಪಡೆಯಬಹುದು. ಇಷ್ಟು ವರ್ಷವಾದರೂ ನಮ್ಮ ಮನೆಗಳಿಗೆ ಇದು ತಿಳಿಯದಿದ್ದರೆ, ಪ್ರಬೋಧನೆಯಲ್ಲಿ ಹೇಳದೆ ಹೋದವರನ್ನೇ ಕೇಳಬೇಕು.

ಫೆಬ್ರವರಿ 11ನ್ನು ರೋಗಿಗಳ ದಿನವೆಂದು ಪೋಪ್ ಎರಡನೇ ಜಾನ್ ಪೌಲರು 1992ರಲ್ಲಿ ಗೊತ್ತುಮಾಡಿದರು. ಆ ದಿನ ನಾವು ಸೇಬು ಹಂಚುತ್ತೇವೆ, ಫೋಟೋ ತೆಗೆಸುತ್ತೇವೆ. 12ನೇ ತಾರೀಕು ಯಾರೂ ಬರುವುದಿಲ್ಲ. ಕಮಾನಿಗೆ, ಗ್ರಾನೈಟಿಗೆ, ಹೊಸ ಮೈಕ್ ಸೆಟ್ಟಿಗೆ ಚಂದಾ ಎತ್ತುತ್ತೇವೆ. ಬಾಗಿಲ ಮೆಟ್ಟಿಲ ಪಕ್ಕ ವೀಲ್‌ಚೇರ್ ಏರಲು ಒಂದು ಇಳಿಜಾರು ಹಾಕಿಸಿ ಎಂದರೆ ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ನಿಮ್ಮದೇ ಊರಿನ ಆರೋಗ್ಯಮಾತೆಯ ಸನ್ನಿಧಿಗೆ ಸೆಪ್ಟೆಂಬರ್ 8ರ ಹಬ್ಬಕ್ಕೆ ಜಾತಿ ಧರ್ಮ ನೋಡದೆ ಜನ ಹರಿದು ಬರುತ್ತಾರೆ. ಆ ಭಕ್ತಿಗೆ ನಾವು ಕೈಮುಗಿಯುತ್ತೇವೆ. ಅದರ ನೂರರಲ್ಲಿ ಒಂದು ಪಾಲು ಉಳಿದ ತಿಂಗಳುಗಳಲ್ಲಿ ರೋಗಿಗಳ ಮನೆಬಾಗಿಲಿಗೆ ತಿರುಗಿದರೆ! ಸರ್ಕಾರವನ್ನೂ ಬಿಡುವಂತಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2016ರಲ್ಲಿ ಬಂತು, ಅದು ದೊಡ್ಡ ಉಪಕಾರ. ಅದೇ ವರ್ಷದ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಿದೆ. ರಕ್ತದ ಕಾಯಿಲೆಗಳಾದ ಹಿಮೋಫಿಲಿಯಾ, ಥಲಸ್ಸೇಮಿಯಾ ಸೇರಿದವು, ಸೇರಲೇಬೇಕಿತ್ತು. ಕಿಡ್ನಿ ವೈಫಲ್ಯ ಸೇರಲಿಲ್ಲ. ವಾರಕ್ಕೆ ಮೂರು ದಿನ ಯಂತ್ರಕ್ಕೆ ಕಟ್ಟಿಬಿದ್ದವರು ಕಾನೂನಿನ ಕಣ್ಣಿಗೆ ಗಟ್ಟಿಮುಟ್ಟಾದವರು!

ಪಾಳಿ ನಡೆಯುವುದಿಲ್ಲ ಎಂದು ನೀವು ಬರೆದಿರಿ. ನಡೆಯುತ್ತಿದೆ. ದಾವಣಗೆರೆಯ ಒಂದು ಧರ್ಮಕೇಂದ್ರದ ಮೂವರು ಹೆಂಗಸರು, ಒಬ್ಬಾಕೆ ಬ್ಲೌಸ್ ಹೊಲಿಯುವವರು, ಇನ್ನೊಬ್ಬರು ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಮತ್ತೊಬ್ಬರು ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಒಂಟಿಯಾಗಿರುವವರು, ಪ್ರತಿ ಬುಧವಾರ ಒಬ್ಬ ರೋಗಿಯ ಜೊತೆ ಆಸ್ಪತ್ರೆಗೆ ಹೋಗುತ್ತಾರೆ. ಮೊದಲ ದಿನ ಅವರು ನರ್ಸಮ್ಮನ ಹತ್ತಿರ ಕೇಳಿಕೊಂಡದ್ದು ಎರಡೇ: ಏನು ಕೊಡಬಾರದು, ಯಾವ ಕೈ ಮುಟ್ಟಬಾರದು. ಉಪದೇಶ ಮಾಡುವುದಿಲ್ಲ. ರೋಗಿಗೆ ಮಾತು ಬೇಕಾದರೆ ಮಾತು, ಬೇಡವಾದರೆ ಸುಮ್ಮನೆ ಜಪಮಾಲೆ. ಮೊದಲ ಬುಧವಾರ ಆ ಮನೆಯ ಮಗಳು ಮಧ್ಯಾಹ್ನ ಮಲಗಿ ದೀಪ ಹಚ್ಚುವ ಹೊತ್ತಿಗೆ ಎದ್ದಳಂತೆ. ಎರಡನೇ ಬುಧವಾರ ತನ್ನ ಹಲ್ಲು ತೋರಿಸಿಕೊಂಡು ಬಂದಳು. ಎಷ್ಟು ದಿನದ ನೋವೋ ಅದು.

ನೀವು ನೂರಾರು ಮಕ್ಕಳಿಗೆ ಅಕ್ಷರ ಕಲಿಸಿದವರು, ಶಿಸ್ತಿನವರು. ನಿಮ್ಮ ಕೈಬರಹವೇ ಅದನ್ನು ಹೇಳುತ್ತದೆ. ಈ ಪುಟವನ್ನು ಸೊಸೆಯ ಕೈಗೆ ಕೊಡಿ. ವಾರದ ಆ ಮೂರು ದಿನಗಳಲ್ಲಿ ಯಾವುದು ಹೆಚ್ಚು ಕಷ್ಟ ಎಂದು ಕೇಳಿ, ಆಕೆ ಹೇಳಿದ್ದನ್ನೇ ನಮಗೆ ಬರೆಯಿರಿ. ಆ ಒಂದು ದಿನಕ್ಕೆ ಜನ ಹೊಂದಿಸುವ ಹೊಣೆ ನಮ್ಮದು. ಹರಿಹರದ ಬಸ್ ನಿಲ್ದಾಣಕ್ಕೇ ಬಂದು ನಿಮ್ಮ ಮನೆಯವರನ್ನು ಜೊತೆಯಲ್ಲಿ ಕರೆದೊಯ್ಯಲು ಒಪ್ಪಿರುವವರು ಈಗಾಗಲೇ ಇಬ್ಬರಿದ್ದಾರೆ.

— ಸಂಪಾದಕ