ಡೇಮನ್ ಹೋದ ಮೇಲೆ ರೆಡ್ ಸಾಕ್ಸ್ ಸೆಂಟರ್ ಫೀಲ್ಡ್‌ಗೆ ಯಾರನ್ನು ತರಬೇಕಿತ್ತು?

2005ರ ಡಿಸೆಂಬರ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಬಾಸ್ಟನ್ ರೆಡ್ ಸಾಕ್ಸ್‌ನ ಸೆಂಟರ್ ಫೀಲ್ಡರ್ ಜಾನಿ ಡೇಮನ್ ಬದ್ಧ ಎದುರಾಳಿ ನ್ಯೂಯಾರ್ಕ್ ಯಾಂಕೀಸ್ ಸೇರಿದಾಗ, ಇನ್ನಷ್ಟು ದುಡ್ಡು ಕೊಟ್ಟಾದರೂ ಬಾಸ್ಟನ್ ಅವನನ್ನು ಉಳಿಸಿಕೊಳ್ಳಬೇಕಿತ್ತಲ್ವಾ ಎಂದು ಕೇಳಿದ್ದೀರಿ. ನನ್ನ ಉತ್ತರ: ಬೇಡವಾಗಿತ್ತು, ಬಿಟ್ಟದ್ದೇ ಸರಿ.

ನೋವಾಗಿದ್ದು ನಿಜ. 2004ರಲ್ಲಿ ಅದೇ ಯಾಂಕೀಸ್ ವಿರುದ್ಧ ಲೀಗ್ ಫೈನಲ್‌ನ ಏಳನೇ ಪಂದ್ಯದಲ್ಲಿ ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್‌ಗಳಲ್ಲಿ ಓಟಗಾರರಿದ್ದಾಗ ಹೋಮ್ ರನ್, ಅಂದರೆ ಒಂದೇ ಹೊಡೆತಕ್ಕೆ ನಾಲ್ಕು ರನ್) ಹೊಡೆದವನು ಅವನು. ಆದರೆ ಲೆಕ್ಕ ನೋಡಿ. ಬಾಸ್ಟನ್ ನಾಲ್ಕು ವರ್ಷಕ್ಕೆ 4 ಕೋಟಿ ಡಾಲರ್ ಅಂದಿತ್ತು, ಯಾಂಕೀಸ್ 5.2 ಕೋಟಿ ಕೊಟ್ಟಿತು. ಡೇಮನ್‌ಗೆ ಆಗಲೇ 32. ಎಸೆತದಲ್ಲಿ ಮೊದಲಿನಿಂದಲೂ ಬಲವಿಲ್ಲ. ಇನ್ನು ಕಾಲೂ ನಿಧಾನವಾದರೆ?

ಸೆಂಟರ್ ಫೀಲ್ಡರ್ ಕೆಲಸ ಎಂದರೆ ಕ್ರಿಕೆಟ್‌ನಲ್ಲಿ ಲಾಂಗ್ ಆಫ್‌ನಿಂದ ಲಾಂಗ್ ಆನ್‌ವರೆಗೆ ಒಬ್ಬನೇ ಕಾದ ಹಾಗೆ. ಅದರಲ್ಲೂ ಬಾಸ್ಟನ್‌ನ ತವರು ಮೈದಾನ ಫೆನ್‌ವೇ ಪಾರ್ಕ್‌ನಲ್ಲಿ ಬಲಕ್ಕೆ ಗೋಡೆ ಮೂಲೆಯಾಗಿ 420 ಅಡಿವರೆಗೆ ಒಳಗೆ ಹೋಗುತ್ತದೆ. ಚೆಂಡು ಅಲ್ಲಿಗೆ ಬಿದ್ದರೆ ಹೊಡೆದವನು ಆರಾಮಾಗಿ ಮೂರನೇ ಬೇಸ್ ಮುಟ್ಟುತ್ತಾನೆ. ಇಲ್ಲಿ ನಾನು ಬ್ಯಾಟಿಗಿಂತ ಮೊದಲು ಕಾಲನ್ನೇ ನೋಡುತ್ತೇನೆ.

ಇನ್ನೊಂದು ವಿಷಯ. 2005ರಲ್ಲೇ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, 23ನೇಯವನಾಗಿ ಜಕೋಬಿ ಎಲ್ಸ್‌ಬರಿ ಬಾಸ್ಟನ್‌ಗೆ ಸಿಕ್ಕಿದ್ದ. ಓಟದಲ್ಲಿ ಮಿಂಚು, ಆದರೆ ಇನ್ನೂ ಹಸಿ. ಅವನು ತಯಾರಾಗುವ ತನಕ ಜಾಗ ನೋಡಿಕೊಳ್ಳಲು ಒಬ್ಬ ಬೇಕಿತ್ತು, ಅಷ್ಟೇ. ಅದಕ್ಕೆ ನಾಲ್ಕು ವರ್ಷ ಕೈ ಕಟ್ಟಿಕೊಳ್ಳುವುದು ಯಾಕೆ?

ಕ್ಲೀವ್‌ಲ್ಯಾಂಡ್ ತಂಡದಿಂದ ಬಾಸ್ಟನ್ ತಂದ ಕೋಕೋ ಕ್ರಿಸ್ಪ್ ಈ ಲೆಕ್ಕಕ್ಕೆ ಸರಿಹೊಂದಿದ. ವಯಸ್ಸು 26. ಅಲ್ಲಿ ಸೆಂಟರ್ ಫೀಲ್ಡ್‌ನಲ್ಲಿ ಗ್ರೇಡಿ ಸೈಜ್‌ಮೋರ್ ಇದ್ದದ್ದಕ್ಕೆ ಲೆಫ್ಟ್ ಫೀಲ್ಡ್‌ನಲ್ಲಿ ನಿಂತಿದ್ದ, 2005ರಲ್ಲಿ ಬ್ಯಾಟಿಂಗ್ ಸರಾಸರಿ .300, ಅಂದರೆ ಹತ್ತು ಸಲಕ್ಕೆ ಮೂರು ಹಿಟ್; ಅದು ಒಳ್ಳೆಯ ಲೆಕ್ಕ. ಬದಲಿಗೆ ಕೊಟ್ಟವರಲ್ಲಿ ಆ್ಯಂಡಿ ಮಾರ್ಟೆಯೂ ಇದ್ದ. ಆಗ ಆ ಹುಡುಗನ ಮೇಲೆ ಎಲ್ಲರಿಗೂ ಭಾರಿ ನಿರೀಕ್ಷೆ, ಹಾಗಾಗಿ ಬೆಲೆ ಜಾಸ್ತಿಯಾಯಿತು ಅನಿಸಿತ್ತು. ಮುಂದೆ ಅವನು ಕ್ಲೀವ್‌ಲ್ಯಾಂಡ್‌ನಲ್ಲಿ ನೆಲೆಯೂರಲೇ ಇಲ್ಲ.

ಬ್ಯಾಟಿಂಗ್‌ನಲ್ಲಿ ಕ್ರಿಸ್ಪ್ ನಿರಾಸೆ ಮಾಡಿದ. 2006ರ ಏಪ್ರಿಲ್‌ನಲ್ಲೇ ಬೆರಳು ಮುರಿಯಿತು, ಆ ವರ್ಷ ಸರಾಸರಿ .264. ಅದೇ ವರ್ಷ ಡೇಮನ್ ನ್ಯೂಯಾರ್ಕ್‌ನಲ್ಲಿ 24 ಹೋಮ್ ರನ್ ಹೊಡೆದ. ಒಂದು ವರ್ಷವನ್ನಷ್ಟೇ ನೋಡಿದರೆ ಬಾಸ್ಟನ್ ಸೋತಂತೆಯೇ ಕಾಣುತ್ತದೆ. ಆದರೆ 2007ರಲ್ಲಿ ಯಾಂಕೀಸ್ ಸೆಂಟರ್ ಫೀಲ್ಡ್ ಅನ್ನು ಮೆಲ್ಕಿ ಕಬ್ರೇರಾಗೆ ಕೊಟ್ಟು ಡೇಮನ್‌ನನ್ನು ಅಲ್ಲಿಂದ ತೆಗೆಯಿತು. ಒಪ್ಪಂದದ ಎರಡನೇ ವರ್ಷವೇ!

ಆ ಅಕ್ಟೋಬರ್‌ನಲ್ಲಿ ಲೀಗ್ ಫೈನಲ್ ನಡುವೆ ಬಾಸ್ಟನ್ ಕ್ರಿಸ್ಪ್‌ನನ್ನು ಕೂರಿಸಿ ಎಲ್ಸ್‌ಬರಿಯನ್ನು ಇಳಿಸಿತು. ಏಳನೇ ಪಂದ್ಯದ ಕೊನೆಗೆ ಫೀಲ್ಡಿಂಗ್‌ಗಾಗಿ ಕ್ರಿಸ್ಪ್ ಮತ್ತೆ ಬಂದ. ಎದುರಾಳಿ ಕ್ಲೀವ್‌ಲ್ಯಾಂಡ್‌ನ ಕೇಸಿ ಬ್ಲೇಕ್ ದೂರಕ್ಕೆ ಬಾರಿಸಿದ ಚೆಂಡಿನ ಹಿಂದೆ ಓಡಿ, ಹಿಡಿದು, ಗೋಡೆಗೆ ಡಿಕ್ಕಿ ಹೊಡೆದ. ಅದೇ ಕೊನೆಯ ಔಟ್. ನಂತರ ಎರಡು ಲೀಗ್‌ಗಳ ವಿಜೇತರು ಸೆಣಸುವ ವರ್ಲ್ಡ್ ಸೀರೀಸ್‌ನಲ್ಲಿ ಎಲ್ಸ್‌ಬರಿಯ ಸರಾಸರಿ .438, ಕಪ್ ಬಾಸ್ಟನ್‌ಗೆ. 2008 ಮುಗಿದ ಮೇಲೆ ಕ್ರಿಸ್ಪ್‌ನನ್ನು ಕಾನ್ಸಾಸ್ ಸಿಟಿಗೆ ಕೊಟ್ಟು ಪಿಚಿಂಗ್‌ಗೆ (ಬೇಸ್‌ಬಾಲ್‌ನ ಬೌಲಿಂಗ್) ರಮೋನ್ ರಮಿರೆಜ್‌ನನ್ನು ತಂದರು. 2009ರಲ್ಲಿ ಎಲ್ಸ್‌ಬರಿ 70 ಬೇಸ್ ಕದ್ದ, ಅಂದರೆ ಯಾರೂ ಚೆಂಡು ಹೊಡೆಯದೆಯೇ ಓಡಿ ಮುಂದಿನ ಬೇಸ್ ಮುಟ್ಟಿದ.