ಸ್ವಂತ ಅಕ್ಕನಿಗೆ ಥ್ಯಾಂಕ್ಸ್ ಹೇಳೋದು ಹೇಗೆ?

ಪ್ರಶ್ನೆ: ನನಗೆ 41 ವರ್ಷ. ಅಪ್ಪ ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದು ಮೂರು ವರ್ಷವಾಯಿತು. ನೋಡಿಕೊಳ್ಳುತ್ತಿರುವವಳು ಅಕ್ಕ. ನಾನು ಬೇರೆ ಊರಿನಲ್ಲಿದ್ದೇನೆ. ತಿಂಗಳು ತಿಂಗಳು ಹಣ ಕಳಿಸುತ್ತೇನೆ, ದಿನಾ ಫೋನ್ ಮಾಡುತ್ತೇನೆ. ಕಳೆದ ಸಲ ಹೋದಾಗ ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಅಕ್ಕ ಒಬ್ಬಳೇ ಅಪ್ಪನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ದಿಂಬು ಕೊಡುತ್ತಿದ್ದಳು. ದಿನಾ ಅಲಾರಂ ಇಟ್ಟುಕೊಂಡು ಏಳುತ್ತಾಳಂತೆ. ನನಗೆ ಗೊತ್ತೇ ಇರಲಿಲ್ಲ. ಏನಾದರೂ ಹೇಳಬೇಕು ಅನ್ನಿಸಿತು, ಬಾಯಿ ಬರಲಿಲ್ಲ. ಸ್ವಂತ ಅಕ್ಕನಿಗೆ ಥ್ಯಾಂಕ್ಸ್ ಅಂದರೆ ಹೊರಗಿನವರ ಥರ ಆಗುತ್ತೆ ಅಲ್ವಾ? ಒಂದು ಒಳ್ಳೆಯ ಉಡುಗೊರೆ ಕಳಿಸಿದರೆ ಸಾಕಾ?

ಉತ್ತರ: ಬಾಯಿಬಿಟ್ಟು ಹೇಳಿ. ಉಡುಗೊರೆ ಆಮೇಲೆ ನೋಡೋಣ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಗೊತ್ತೇ ಇರಲಿಲ್ಲ’ ಅನ್ನುವ ಮಾತು. ದಿನಾ ಫೋನ್ ಮಾಡುವವರಿಗೂ ಗೊತ್ತಿರಲಿಲ್ಲ! ಫೋನಿನಲ್ಲಿ ‘ಅಪ್ಪ ಹೇಗಿದ್ದಾರೆ’ ಅಂತ ಕೇಳುತ್ತೀರಿ. ‘ನೀನು ಹೇಗಿದ್ದೀಯ’ ಅಂತ ಕೇಳಿ ಎಷ್ಟು ದಿನವಾಯಿತು? ನೀವು ಕೆಟ್ಟವರು ಅಂತ ಹೇಳುತ್ತಿಲ್ಲ. ನಾವು ಮಾಡಿದ್ದು ನಮಗೆ ನೆನಪಿರುತ್ತದೆ, ಬೇರೆಯವರು ಮಾಡಿದ್ದು ಕಣ್ಣಿಗೇ ಬೀಳುವುದಿಲ್ಲ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಸಂಶೋಧಕರು ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೂರಿಸಿ, ಮನೆಯ ಯಾವ ಕೆಲಸದಲ್ಲಿ ನಿಮ್ಮ ಪಾಲೆಷ್ಟು ಅಂತ ಕೇಳಿದರು. ಇಬ್ಬರ ಉತ್ತರ ಕೂಡಿಸಿದರೆ ಸಾಮಾನ್ಯವಾಗಿ ಶೇಕಡಾ ನೂರನ್ನು ದಾಟುತ್ತಿತ್ತು. ನೀವು ಕಳಿಸುವ ಹಣದ ಲೆಕ್ಕ ನಿಮ್ಮ ಹತ್ತಿರ ಇದೆ. ಅಕ್ಕನ ನಿದ್ದೆಯ ಲೆಕ್ಕ ಯಾರ ಹತ್ತಿರವೂ ಇಲ್ಲ. ಹಾಸಿಗೆ ಹುಣ್ಣು ಆಗದಿರಲಿ ಅಂತ ಇಂಥ ರೋಗಿಗಳನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಹೊರಳಿಸಲು ಹೇಳುತ್ತಾರೆ. ಮೂರು ವರ್ಷದಿಂದ ಅವಳು ಒಂದೇ ಸಮನೆ ನಿದ್ದೆ ಮಾಡಿರುವುದೇ ಅನುಮಾನ.

ಇನ್ನು ಮುಜುಗರದ ಮಾತು. ಅದು ಜಾಸ್ತಿ ಇರುವುದು ನಿಮ್ಮ ಕಡೆಯೇ. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ಒಳ್ಳೆಯದು ಮಾಡಿದವರಿಗೆ ಥ್ಯಾಂಕ್ಸ್ ಹೇಳಿ ಪತ್ರ ಬರೆಯಿರಿ ಅಂತ ಜನರಿಗೆ ಹೇಳಿದ್ದರು. ಓದುವವರಿಗೆ ಇರಿಸುಮುರಿಸಾದೀತು ಅಂತ ಬರೆದವರು ಅಂದುಕೊಂಡಷ್ಟು ಅವರಿಗೆ ಆಗಲೇ ಇಲ್ಲ. ಖುಷಿ ಮಾತ್ರ ಅಂದುಕೊಂಡದ್ದಕ್ಕಿಂತ ಹೆಚ್ಚಾಗಿತ್ತು. ಬರೆದವರು ಪದಗಳಿಗೆ ತಡಕಾಡುತ್ತಿದ್ದರೆ, ಓದಿದವರು ನೋಡಿದ್ದು ಪ್ರೀತಿಯನ್ನು.

ಹಾಗಾಗಿ ಚೆಂದದ ಮಾತು ಹುಡುಕಬೇಡಿ. ಕಂಡದ್ದನ್ನೇ ಹೇಳಿ. ‘ಅಕ್ಕಾ, ಅವತ್ತು ರಾತ್ರಿ ನೀನು ಅಪ್ಪನನ್ನು ಹೊರಳಿಸುತ್ತಿದ್ದದ್ದು ನೋಡಿದೆ. ದಿನಾ ಹೀಗೆ ಏಳ್ತೀಯ ಅಂತ ಗೊತ್ತಿರಲಿಲ್ಲ. ನೀನಿರೋದಕ್ಕೆ ನಾನು ಇಲ್ಲಿ ನೆಮ್ಮದಿಯಾಗಿ ಮಲಗ್ತಿದ್ದೇನೆ.’ ಇಷ್ಟೇ ಸಾಕು.

ಒಂದು ಮಾತು ಮಾತ್ರ ದಯವಿಟ್ಟು ಬೇಡ. ‘ಇದೆಲ್ಲ ನಿನ್ನಿಂದ ಮಾತ್ರ ಆಗೋದು, ನೀನು ದೇವರು ಇದ್ದಹಾಗೆ.’ ಕೇಳಲು ಹೊಗಳಿಕೆ, ಆದರೆ ಅದು ಅವಳನ್ನು ಅಲ್ಲೇ ಕಟ್ಟಿಹಾಕುತ್ತದೆ. ದೇವರಿಗೆ ಸುಸ್ತಾಗುತ್ತದೆ ಅಂತ ಯಾರೂ ನೆನೆಸುವುದಿಲ್ಲ. ಅವಳಿಗೂ ಆಮೇಲೆ ‘ನನಗೆ ಸಾಕಾಗಿದೆ ಕಣೋ’ ಅಂತ ಹೇಳಲು ಬಾಯಿ ಬರುವುದಿಲ್ಲ.

ಹೇಳಿದ ಮೇಲೆ ಕೈಯಲ್ಲೂ ಮಾಡಿ ತೋರಿಸಿ. ಒಂದು ವಾರ ಹೋಗಿ ಇರಿ. ಮೊದಲ ಎರಡು ದಿನ ಅವಳ ಜೊತೆ ನಿಂತು ಕಲಿಯಿರಿ: ಹೊರಳಿಸುವಾಗ ಎಲ್ಲಿ ಕೈ ಹಾಕಬೇಕು, ಯಾವ ಮಾತ್ರೆ ಯಾವಾಗ, ಡೈಪರ್ ಬದಲಿಸುವುದು ಹೇಗೆ. ಉಳಿದ ದಿನ ಅಲಾರಂ ನಿಮ್ಮ ತಲೆದಿಂಬಿನ ಪಕ್ಕ ಇರಲಿ. ಅವಳು ಎಲ್ಲಿಗೂ ಹೋಗಬೇಕೆಂದಿಲ್ಲ, ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದರೂ ಆದೀತು. ರಾತ್ರಿ ನೋಡಿಕೊಳ್ಳಲು ಯಾರನ್ನಾದರೂ ಗೊತ್ತು ಮಾಡುವ ಯೋಚನೆಯಿದ್ದರೆ ಅವಳನ್ನು ಕೇಳಿಯೇ ಮಾಡಿ.

‘ಈಗ ನೆನಪಾಯ್ತಾ?’ ಅಂತ ಅವಳು ಸಿಡುಕಬಹುದು. ಅತ್ತರೂ ಅಳಬಹುದು. ಆಗ ನಡುವೆ ಬಾಯಿ ಹಾಕಬೇಡಿ, ಕಳಿಸಿದ ಹಣದ ಮಾತು ಎತ್ತಲೇಬೇಡಿ. ಮೂರು ವರ್ಷ ನುಂಗಿಕೊಂಡದ್ದು ಹೊರಗೆ ಬರಲಿ. ರಜೆಯನ್ನು ಮಾತ್ರ ಫೋನ್ ಮಾಡುವ ಮೊದಲೇ ಹಾಕಿರಿ. ‘ಬರ್ತೀನಿ, ನೋಡೋಣ’ ಅನ್ನುವುದನ್ನು ಅವಳು ಸಾಕಷ್ಟು ಕೇಳಿರುತ್ತಾಳೆ. ಈ ಸಲ ತಾರೀಖು ಹೇಳಿ.